ನಿಲ್ಲಿಸಲು ಬಾರದ ಆಟ

ಟ್ರ್ಯಾಕ್ಸಿನ ಡ್ರೈವರ್ ಆಗಿದ್ದ ಆತ ತೀರಿಕೊಂಡ ಸುದ್ದಿಯನ್ನು ಸವದತ್ತಿಯ ನಿಲ್ದಾಣದಲ್ಲಿ ಹಳೆಯ ಏಜೆಂಟನೊಬ್ಬ ಹೇಳಿದಾಗ ನನ್ನ ಬಾಯಿಂದ ಬಂದ ಮೊದಲ ಮಾತು, "ಗಾಡಿ ಮ್ಯಾಲೇನು?" ಎಂಬುದು. ಅಲ್ಲ, ಕಟಕೋಳದ ಮನೆಯಲ್ಲಿ, ಕಾಮಾಲೆಯಾಗಿ, ಹೊರಸಿನ ಮೇಲೆ ಎಂದ ಏಜೆಂಟ. ದುಃಖಕ್ಕಿಂತ ಮೊದಲು ನನಗೆ ಸಮಾಧಾನವಾಯಿತು. ಆ ಸಮಾಧಾನಕ್ಕೆ ನಾಚಿಕೆಯೂ ಆಯಿತು. ಮನೆಗೆ ಬಂದು ಎರಡೂ ಕೈಗಳನ್ನು ಮತ್ತೆ ಮತ್ತೆ ತೊಳೆದೆ. ವರ್ಷಗಳೇ ಕಳೆದಿವೆ. ಆ ಕೈಗಳಿಗೆ ಮಾತ್ರ ಅದು ಇನ್ನೂ ನಿನ್ನೆಯದು.

ಆಗ ನಾನು ರಾಮದುರ್ಗದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಅರೆಕಾಲಿಕ ಉಪನ್ಯಾಸಕ. ಕೋಣೆ ಸವದತ್ತಿಯಲ್ಲಿ. ಎರಡು ಸಾವಿರದ ಇಸವಿ ದಾಟಿ ಎರಡು ಮೂರು ವರ್ಷವಾಗಿತ್ತು. ಬಸ್ಸು ತಪ್ಪಿದರೆ ಕಟಕೋಳದ ಮೇಲೆ ಹೋಗುವ ಟ್ರ್ಯಾಕ್ಸು ಜೀಪೇ ಗತಿ. ಆ ದಾರಿಯ ಟ್ರ್ಯಾಕ್ಸುಗಳಲ್ಲಿ ನಾನು ಕಾದು ಹತ್ತುತ್ತಿದ್ದುದು ಆತನದನ್ನೇ. ನಾನೊಬ್ಬನೇ ಅಲ್ಲ, ಬುದ್ಧಿ ನೆಟ್ಟಗಿದ್ದ ಎಲ್ಲರೂ ಹಾಗೇ ಮಾಡುತ್ತಿದ್ದರು. ಆತ ಕುಡಿಯುತ್ತಿರಲಿಲ್ಲ. ಗುಟಕಾ ಹಾಕುತ್ತಿರಲಿಲ್ಲ. ಬಿಳಿ ಅಂಗಿಯ ಗುಂಡಿಯನ್ನು ಕುತ್ತಿಗೆಯವರೆಗೆ ಹಾಕಿ, ಹಳದಿ ಅರಿವೆಯಿಂದ ಸ್ಟೇರಿಂಗನ್ನು ಒರೆಸಿ, ಎರಡು ಸಲ ಹಿಂದಕ್ಕೆ ತಿರುಗಿ "ಎಲ್ಲಾರೂ ಕುಂತ್ರೇನ್ರಿ?" ಎಂದು ಕೇಳದೆ ಗಾಡಿ ಬಿಡುತ್ತಿರಲಿಲ್ಲ. ಸಣಕಲು ಆಳು. ಉದ್ದ ಬೆರಳು. ಮೂವತ್ತೈದು ದಾಟಿರಲಿಲ್ಲ, ಆದರೆ ಹಿರಿಯರ ನಿಧಾನ.

ಒಂದು ಸಲ ದಿನ ತುಂಬಿದ ಹೆಂಗಸೊಬ್ಬಳಿಗೆ ದಾರಿಯಲ್ಲೇ ನೋವು ಕಾಣಿಸಿಕೊಂಡಿತು. ಉಳಿದವರನ್ನೆಲ್ಲ ಒಂದು ಮರದ ಕೆಳಗೆ ಇಳಿಸಿ, ಆಕೆಯನ್ನೂ ಆಕೆಯ ತಾಯಿಯನ್ನೂ ಕೂರಿಸಿಕೊಂಡು ರಾಮದುರ್ಗದ ದವಾಖಾನೆಗೆ ಹೋದ. ತಗ್ಗು ಬಂದಲ್ಲೆಲ್ಲ ಗಾಡಿಯನ್ನು ತೊಟ್ಟಿಲು ತೂಗಿದ ಹಾಗೆ ಇಳಿಸಿದನಂತೆ. ತಿರುಗಿ ಬಂದು ನಮ್ಮನ್ನು ಹತ್ತಿಸಿಕೊಂಡಾಗ ನಮ್ಮೆಲ್ಲರ ಕ್ಷಮೆ ಕೇಳಿದ, ತಡವಾಯಿತೆಂದು. ಅಂಥವನ ಪಕ್ಕದಲ್ಲಿ ಕೂತು ನಾನು ಜೀವಭಯದಿಂದ ಬೆವರಿದ್ದೇನೆ ಎಂದರೆ ಕೇಳಿದವರು ನಂಬುವುದಿಲ್ಲ.

ಆತನ ಬಳಿ ಒಂದು ವಿಡಿಯೊ ಗೇಮ್ ಇತ್ತು. ಅಂಗೈಯಲ್ಲಿ ಹಿಡಿಯುವಂಥದು, ಬೂದು ಬಣ್ಣದ್ದು. ಮುಂಬಯಿಯಲ್ಲಿದ್ದ ಹೆಂಡತಿಯ ತಮ್ಮ ತಂದುಕೊಟ್ಟದ್ದು. ಅದರೊಳಗೆ ಹಾಕುವ ಒಂದೇ ಕ್ಯಾಸೆಟ್ಟಿನಲ್ಲಿ ಹಳೆಯ ಹೊಡೆದಾಟದ ಆಟಗಳು ಹತ್ತಾರು ಇದ್ದವು. ಮೊದಲ ದಿನ ನಾನು ಅದನ್ನು ಕ್ಯಾಲ್ಕ್ಯುಲೇಟರ್ ಎಂದುಕೊಂಡಿದ್ದೆ. ಸೀಟು ತುಂಬುವವರೆಗೆ ಟ್ರ್ಯಾಕ್ಸು ಹೊರಡುವುದಿಲ್ಲವಲ್ಲ. ಏಜೆಂಟ ಊರ ಹೆಸರು ಕೂಗುತ್ತಿದ್ದರೆ ಆತ ಸ್ಟೇರಿಂಗಿಗೆ ಮೊಣಕೈ ಊರಿ ಆಡುತ್ತ ಕೂರುತ್ತಿದ್ದ.

ಆ ಆಟಗಳು ಆತನಿಗೆ ಹೊಸವಲ್ಲ. ತೊಂಬತ್ತರ ಆಚೀಚೆ ಹತ್ತಿಯ ಲಾರಿಯಲ್ಲಿ ಕ್ಲೀನರ್ ಆಗಿದ್ದಾಗ, ಬೈಲಹೊಂಗಲದಲ್ಲಿ ಅಂಡಿಗೆ ಮೂಟೆಗಳನ್ನು ಇಳಿಸುವಷ್ಟು ಹೊತ್ತು ನಿಲ್ದಾಣದ ಹಿಂದಿನ ವಿಡಿಯೊ ಗೇಮ್ ಅಂಗಡಿಯಲ್ಲಿ ನಿಲ್ಲುತ್ತಿದ್ದನಂತೆ. ಆಡುತ್ತಿದ್ದುದು ಅಪರೂಪ. ಬೇರೆಯವರ ಬೆನ್ನ ಹಿಂದೆ ನಿಂತು, ಅವರ ಹೆಗಲ ಮೇಲಿಂದ ನೋಡಿಯೇ ಕಲಿತದ್ದು. "ಹೊಡಿಯೂದು ಯಾರಿಗರ ಬರತೈತ್ರಿ ಸರ," ಎನ್ನುತ್ತಿದ್ದ, "ತಡಿಯೂದು ಕಲೀಬೇಕು. ಗಾಬ್ರಿ ಆದಾಂವ ಎಲ್ಲಾ ಗುಂಡಿ ಒತ್ತತಾನ." ಆಟದಲ್ಲಿ ಆತ ಯಾವಾಗಲೂ ಆರಿಸಿಕೊಳ್ಳುತ್ತಿದ್ದುದು ಒಬ್ಬ ಸಣ್ಣ ಹೆಂಗಸನ್ನು. ಹಿಂದಕ್ಕೆ ಹಿಂದಕ್ಕೆ ಸರಿದು, ಎದುರಾಳಿ ದಣಿದ ಮೇಲೆ ಒಂದೇ ಏಟು ಹಾಕುವವಳು. ನಮ್ಮ ಕಡೆಯ ಜನ ಆಕೆಗೆ ಬೇರೆ ಏನು ಹೆಸರಿಟ್ಟಾರು? "ಕಿತ್ತೂರಿನಾಕಿ" ಎಂದೇ ಕರೆಯುತ್ತಿದ್ದರು. ಎದುರಾಳಿಗಳು ಎಂಟು ಜನ, ಒಬ್ಬೊಬ್ಬನನ್ನೂ ಎರಡು ಸುತ್ತು ಕೆಡವಬೇಕು. ಪೈಲವಾನ, ಬೋಳ್ಯಾ, ಹಳದಿ ಅಂಗಿಯ ನಿಂಬಿಕಾಯಿ, ಹೀಗೆ. ಕೊನೆಯವನು ಗೌಡ. ಅಗಲ ಎದೆ, ಮೈಮೇಲೆ ಕೆಂಪು ಶಾಲು. ಗೌಡನನ್ನು ಆತ ಒಮ್ಮೆಯೂ ಸೋಲಿಸಿರಲಿಲ್ಲ. ಗೌಡನ ಕೈಯಲ್ಲಿ ಸೋತರೆ ಮತ್ತೆ ಮೊದಲನೆಯವನಿಂದ ಶುರು.

ಇಲ್ಲೊಂದು ತೊಡಕಿತ್ತು. ಆಟ ಶುರು ಮಾಡುವ ಗುಂಡಿಯೂ, ನಡುವೆ ತಡೆದು ನಿಲ್ಲಿಸುವ ಗುಂಡಿಯೂ ಒಂದೇ. ಅದು ಎಂದೋ ಕಿತ್ತು ಹೋಗಿ ಬರೀ ತೂತು ಉಳಿದಿತ್ತು. ತೂತಿನೊಳಗೆ ಪಿನ್ನಿನ ತುದಿ ಚುಚ್ಚಿ ಆಟ ಶುರು ಮಾಡುತ್ತಿದ್ದ. ಶುರುವಾದ ಮೇಲೆ ಎರಡೂ ಹೆಬ್ಬೆರಳು ಆಟಕ್ಕೆ ಬೇಕು. ಪಿನ್ನು ಚುಚ್ಚಿ ನಿಲ್ಲಿಸಲು ಮೂರನೆಯ ಕೈ ಎಲ್ಲಿಂದ ತರುವುದು? ಒಮ್ಮೆ ಬೇರೆಯವರು ಚುಚ್ಚಲು ಹೋಗಿ ಇಡೀ ಆಟವೇ ಆರಿಹೋಯಿತಂತೆ. ಅಂದಿನಿಂದ ಅದನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಹೀಗಾಗಿ ಶುರುವಾದ ಆಟ ಗೆದ್ದೋ ಸೋತೋ ಮುಗಿಯಬೇಕು, ಅಷ್ಟೇ.

ಏಳನೆಯ ಎದುರಾಳಿಯ ಹೊತ್ತಿಗೆ ಸೀಟು ತುಂಬಿಬಿಟ್ಟರೆ? ಹಿಂದೆ ಕೂತವರು ಗೊಣಗುತ್ತಾರೆ, ಆತ ಸಂಕೋಚದ ಮನುಷ್ಯ, ಗಾಡಿ ಬಿಡುತ್ತಾನೆ. ಹಾಗೆ ಒಂದು ದಿನ, ಊರು ದಾಟಿ ನೆಟ್ಟಗಿನ ದಾರಿ ಸಿಕ್ಕಾಗ, ಪಕ್ಕದಲ್ಲಿದ್ದ ಬೀಜದ ಅಂಗಡಿಯ ಸಾವ್ಕಾರರಿಗೆ ಹೇಳಿದನಂತೆ: "ಸಾವ್ಕಾರ್ರ, ಒಂದೀಟು ಹಿಡಕೋರಿ. ಬರೇ ಹಿಡಕೋರಿ, ತಿರುವಬ್ಯಾಡ್ರಿ." ಕಾಲು ಆತನದೇ, ವೇಗ ಆತನದೇ, ಸ್ಟೇರಿಂಗ್ ಮಾತ್ರ ಸಾವ್ಕಾರರದು. ಜನ ನಕ್ಕರು. ಮರುದಿನವೂ ನಕ್ಕರು. ಒಂದು ತಿಂಗಳಲ್ಲಿ ಅದು ಆ ಗಾಡಿಯ ಪದ್ಧತಿಯೇ ಆಗಿಹೋಯಿತು. ಮುಂದಿನ ಸೀಟಿನವನು ಹಿಡಿಯುವವನು. ಹಿಡಿಯಲು ಹೇಳಿಸಿಕೊಳ್ಳುವುದು ಒಂದು ಮಾನ.

ನನ್ನ ಸರದಿ ಬಂದ ದಿನ ನಾನು ಬೇಡ ಎಂದೆ. ನನಗೆ ಸೈಕಲ್ಲು ಬಿಟ್ಟರೆ ಏನೂ ಬರುವುದಿಲ್ಲ ಎಂದೆ. "ಸರ, ನೀವು ಕಲ್ತಾವ್ರು," ಎಂದ ಆತ, ನಿಜವಾದ ಗೌರವದಿಂದ. ಡ್ರೈವರನ ಆಚೆಗೂ ಒಬ್ಬರನ್ನು ತುಂಬುವ ಗಾಡಿ ಅದು; ಬಲಬದಿಯ ಬಾಗಿಲಿಗೆ ಒತ್ತಿ ಕೂತಿದ್ದ ಸಾವ್ಕಾರರು, "ಸರ್ ಹಿಡದ್ರ ಗಾಡಿ ಪಾಠಾ ಕೇಳಕೋತ ಮಲಗತೈತಿ ತಗೋ," ಎಂದು ಹಿಂದಿನವರನ್ನು ನಗಿಸಿದರು. ನಾನು ಎಡಗಡೆಯಿಂದ ಬಾಗಿ ಹಿಡಿದೆ. ಚಕ್ರದ ಕಂಪನ ಮೊಣಕೈವರೆಗೆ ಏರಿ ಬಂತು. ಹದಿನೆಂಟು ಜನರ ಭಾರ ನನ್ನ ಎರಡು ಕೈಯೊಳಗೆ ಜುಮ್ಮೆನ್ನುತ್ತಿತ್ತು.  ಜಡತ್ವವನ್ನು, ವೇಗವನ್ನು, ಬ್ರೇಕು ಒತ್ತಿದ ಮೇಲೆಯೂ ವಾಹನ ಎಷ್ಟು ದೂರ ಹೋಗುತ್ತದೆಂಬುದನ್ನು ಹಲಗೆಯ ಮೇಲೆ ಬರೆದು ಮಕ್ಕಳಿಗೆ ಹೇಳುತ್ತಿದ್ದವ ನಾನು. ಎಲ್ಲ ಗೊತ್ತಿದ್ದೂ ಹಿಡಿದೆ.

ಹೆದರಿಕೆಯ ಬಗ್ಗೆ ನನಗೆ ತಿಳಿದದ್ದು ಇಷ್ಟು: ಅದು ಇರುವವರೆಗೆ ನಾವು ಕ್ಷೇಮ. ಮೊದಲ ದಿನ ನಾನು ರೆಪ್ಪೆ ಬಡಿಯದೆ ದಾರಿ ನೋಡಿದೆ. ಐದನೆಯ ದಿನ ಆಗೊಮ್ಮೆ ಈಗೊಮ್ಮೆ ಆಟ ನೋಡಿದೆ. ತಿಂಗಳು ಕಳೆಯುವುದರಲ್ಲಿ ಪೈಲವಾನ ಯಾವ ಏಟು ಹಾಕುತ್ತಾನೆಂಬುದು ನನಗೂ ಬಾಯಿಪಾಠವಾಗಿತ್ತು.

ಎಳ್ಳಮಾಸಿಯ ಹಬ್ಬ ಮುಗಿದಿತ್ತು. ಹುರುಳಿಯ ರಾಶಿಯ ದಿನಗಳು. ನಮ್ಮ ಕಡೆ ರೈತರು ಆಗ ಡಾಂಬರು ರಸ್ತೆಯನ್ನೇ ಕಣ ಮಾಡಿಕೊಳ್ಳುತ್ತಾರೆ. ಕಿತ್ತು ಒಣಗಿಸಿದ ಹುರುಳಿ ಬಳ್ಳಿಯನ್ನು ಮೊಣಕಾಲೆತ್ತರ ಹರವುತ್ತಾರೆ. ಹೋಗಿ ಬರುವ ಗಾಡಿಗಳ ಚಕ್ರಕ್ಕೆ ಸಿಕ್ಕು ಕಾಳು ಬಿಡುತ್ತದೆ. ಮನೆಯ ಹೆಂಗಸರು ಕೊಕ್ಕೆಯ ಕೋಲಿನಿಂದ ಬಳ್ಳಿ ತಿರುವಿ ಹಾಕುತ್ತಿರುತ್ತಾರೆ. ಬಸ್ಸಿನವರು ಬೈಯುತ್ತ ಹಾರಿಸಿಕೊಂಡು ಹೋದರೆ ನಮ್ಮ ಡ್ರೈವರ್ ಮಾತ್ರ ಗೇರು ಇಳಿಸಿ, ಬಳ್ಳಿಯ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹದವಾಗಿ ಹಾಯಿಸುತ್ತಿದ್ದ. ಆತನ ಟ್ರ್ಯಾಕ್ಸು ದೂರದಲ್ಲಿ ಕಂಡರೆ ಹೆಂಗಸರು ಇನ್ನೆರಡು ಹೊರೆ ತಂದು ಹರವಿದ್ದನ್ನು ನಾನೇ ಕಂಡಿದ್ದೇನೆ.

ಆ ದಿನ ಹನ್ನೊಂದರ ಬಿಸಿಲು. ಸವದತ್ತಿ ಬಿಡುವಾಗಲೇ ಆತ ಏಳನೆಯವನನ್ನು ಕೆಡವಿದ್ದ. ನೆಟ್ಟಗಿನ ದಾರಿ ಸಿಕ್ಕಿತು. ನಾನು ಕೇಳುವ ಮೊದಲೇ ಹಿಡಿದೆ. ಗೌಡ ಬಂದ. ಹಿಂದಿನ ಸೀಟಿನವರು ಕತ್ತು ಚಾಚಿದರು. ಸಾವ್ಕಾರರು, "ಇವತ್ತ ಗೌಡನ್ನ ಕೆಡವಿದೆಪಾ ಅಂದ್ರ ರಾಮದುರ್ಗದಾಗ ಪೇಢೆ ಹಂಚತೇನಿ," ಎಂದರು. ಕಿತ್ತೂರಿನಾಕಿ ಹಿಂದಕ್ಕೆ ಸರಿಯುತ್ತಲೇ ಇದ್ದಳು. ಆಕೆಯ ಬಲ ತೋರಿಸುವ ಪಟ್ಟಿಯಲ್ಲಿ ಒಂದು ಕೂದಲೆಳೆಯಷ್ಟು ಉಳಿದಿತ್ತು. ಗೌಡನದೂ ಅಷ್ಟೇ. 

ದೂರದಲ್ಲಿ ದಾರಿಯ ಮೇಲೆ ಏನೋ ಕಂದು ಬಣ್ಣ ಕಂಡಿತ್ತು. ಅದರ ನಡುವೆ ಬೆನ್ನು ಬಾಗಿಸಿದ ಒಂದು ಆಕೃತಿಯೂ ಕಂಡಿತ್ತು, ಹಸಿರು ಸೀರೆ. ಕಂಡದ್ದು ನಿಜ. ಇನ್ನೂ ದೂರವಿದೆ, ಹೇಳೋಣ ಎಂದುಕೊಂಡು ನಾನು ಕಣ್ಣು ಕೆಳಗಿಳಿಸಿದೆ, ಆ ಒಂದು ಏಟು ನೋಡಿ ಹೇಳೋಣವೆಂದು. ಎಷ್ಟು ಹೊತ್ತು ಹಾಗೆ ನೋಡಿದೆನೋ ತಿಳಿಯದು. ಕಿತ್ತೂರಿನಾಕಿ ಕಾಲು ಬೀಸಿದಳು. ಗೌಡ ಬಿದ್ದ.

ಮರುಕ್ಷಣ ಸ್ಟೇರಿಂಗಿಗೆ ಕೈ ಹಾಕಿದ ಆತನ ಮೊಣಕೈ ನನ್ನ ಎದೆಗೆ ಬಡಿಯಿತು. ಯಾರೋ ಕಿತ್ತೆಸೆದ ಹಾಗೆ ನನ್ನ ಕೈಗಳು ಸ್ಟೇರಿಂಗಿನಿಂದ ಹಾರಿದವು. ಬ್ರೇಕಿನ ಕೀರಲು. ಆಮೇಲೆ ಆ ಕೀರಲೂ ಇಲ್ಲ, ಚಕ್ರಗಳು ಬಳ್ಳಿಯ ಮೇಲೆ ಏರಿದ್ದವು. ಒಣಗಿದ ಹುರುಳಿ ಬಳ್ಳಿ ಎಣ್ಣೆಯಂತೆ ಜಾರುತ್ತದೆ. ಗಾಡಿ ನೀರಿನ ಮೇಲೆ ತೇಲಿದ ಹಾಗೆ ಅರ್ಧ ಸುತ್ತು ತಿರುಗಿ, ಮುಂದಿನ ಬಂಪರಿನವರೆಗೆ ಬಳ್ಳಿಯಲ್ಲಿ ಹೂತು, ಅಡ್ಡಡ್ಡ ನಿಂತಿತು.

ಧೂಳು ಇಳಿದಾಗ ದಾರಿಯ ಮೇಲೆ ಹಸಿರು ಸೀರೆ ಇರಲಿಲ್ಲ.

ಸಾವ್ಕಾರರು ಇಳಿದರು, ಅವರ ಹಿಂದೆ ಆತ ಉರುಳಿಕೊಂಡೇ ಇಳಿದ.  ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡಿದ್ದರು. ಆತ ಮೊಣಕಾಲೂರಿ, ಗಾಡಿಯ ಮುಂದಿನ ಬಳ್ಳಿಯನ್ನು ಎರಡೂ ಕೈಯಿಂದ ತೋಡತೊಡಗಿದ. ನಾನೂ ತೋಡಿದೆ. ಆಗ ಬಳ್ಳಿಯ ಒಳಗಿನಿಂದ ಸದ್ದು ಬಂತು.  ಅದು ಮನುಷ್ಯರ ಸದ್ದಲ್ಲ, ಆಟದ ಸಂಗೀತ. ಆತನ ಕೈಯಿಂದ ಹಾರಿ ಗಾಡಿಯ ಹೊರಗೆ ಬಿದ್ದ ವಿಡಿಯೊ ಗೇಮ್ ಬಳ್ಳಿಯ ನಡುವೆ ಎಲ್ಲೋ ನಡೆದೇ ಇತ್ತು. ಎರಡನೆಯ ಸುತ್ತು ಶುರುವಾಗಿತ್ತು. ಆಡುವ ಕೈಯಿಲ್ಲದೆ ನಿಂತಿದ್ದ ಹೆಂಗಸನ್ನು ಗೌಡ ಹೊಡೆಯುತ್ತಿದ್ದ. ಒಂದೊಂದು ಏಟಿಗೂ ಢಬ್, ಢಬ್ ಎಂಬ ಸದ್ದು. ನಿಲ್ಲಿಸಲು ಬರುವ ಹಾಗಿರಲಿಲ್ಲ. ಆ ಸದ್ದು ಕೇಳುತ್ತ ನಾವು ತೋಡುತ್ತಿದ್ದೆವು. ಈಗಲೂ ಯಾರಾದರೂ ಮಕ್ಕಳು ಫೋನಿನಲ್ಲಿ ಅಂಥ ಆಟ ಹಚ್ಚಿದರೆ ನಾನು ಎದ್ದು ಹೊರಗೆ ಹೋಗುತ್ತೇನೆ.

ನನ್ನ ಬೆರಳಿಗೆ ಒಂದು ಬಳೆ ತಾಗಿತು. ಬಳೆಯ ಒಳಗೆ ಕೈ ಇತ್ತು, ಬಿಸಿಯಾಗಿತ್ತು.

ಆಕೆಯನ್ನು ಎಳೆದು ಕೂರಿಸಿದರು. ಎಪ್ಪತ್ತರ ಮೇಲಿನ ಮುದುಕಿ. ಗಾಡಿ ಬಳ್ಳಿಯನ್ನು ತಳ್ಳಿಕೊಂಡು ಬಂದಾಗ ಅದರ ಜೊತೆಗೇ ಬಿದ್ದು ಮುಚ್ಚಿಹೋಗಿದ್ದಳು. ಹಣೆ ತರಚಿತ್ತು. ಒಂದು ಕೈಯ ಬಳೆಗಳೆಲ್ಲ ಒಡೆದಿದ್ದವು. ಆಕೆಯ ತಲೆ ಇದ್ದ ಜಾಗಕ್ಕೂ ಮುಂದಿನ ಚಕ್ರಕ್ಕೂ ಒಂದು ಗೇಣು. ನಾನು ಗೇಣು ಹಾಕಿ ನೋಡಿದೆ, ಯಾಕೆ ನೋಡಿದೆನೋ. ಆಕೆಗೆ ಕಿವಿ ಮಂದ, ಗಾಡಿ ಬಂದದ್ದೇ ಕೇಳಿರಲಿಲ್ಲ. ಬಾಯೊಳಗಿನ ಹೊಟ್ಟು ಉಗುಳಿ, ಸುತ್ತ ನಿಂತವರಲ್ಲಿ ಡ್ರೈವರ್ ಯಾರೆಂದು ಅಂಗಿಯಿಂದಲೇ ಗುರುತಿಸಿ, ಆತನಿಗೆ ಬುದ್ಧಿ ಹೇಳಿದಳು:

"ಇಷ್ಟ ಜೋರ್ಲೆ ಹಾದ್ರ ಕಾಳ ಬಿಡೂದಿಲ್ಲೋ ಯಪ್ಪಾ. ನಿಧಾನ ಹಾಯಿಸಬೇಕು."

ಯಾರೋ ಬಿಕ್ಕಿ ನಕ್ಕರು. ಆತ ಅಲ್ಲೇ ಬಳ್ಳಿಯ ಮೇಲೆ ಕುಸಿದು ಕೂತ.  

ಹೊಲದಿಂದ ಮುದುಕಿಯ ಮಗ ಓಡಿ ಬಂದ, ಹಿಂದೆ ನಾಲ್ಕು ಜನ, ಕೈಯಲ್ಲಿ ಕುಡುಗೋಲು. ತಾಯಿಯ ಹಣೆಯ ರಕ್ತ ನೋಡಿ, ಯಾರು ಹೊಡೆದದ್ದು ಗಾಡಿ ಎಂದು ಕೇಳಿದ. ಸಾವ್ಕಾರರು ನನ್ನ ಕಡೆ ನೋಡಿದರು. ಸ್ಟೇರಿಂಗ್ ಹಿಡಿದವನು ನಾನು ಎಂಬುದು ಗಾಡಿಯಲ್ಲಿದ್ದ ಎಲ್ಲರಿಗೂ ಗೊತ್ತು.  ಆ ಕುಡುಗೋಲುಗಳ ಬಾಯಿ ಬಿಸಿಲಿಗೆ ಹೊಳೆಯುತ್ತಿದ್ದುದನ್ನು ನಾನು ಎಣಿಸಿದ ಹಾಗೆ ನೋಡುತ್ತಿದ್ದೆ.

ಆತ ಕೂತಲ್ಲಿಂದ ಏಳಲಾಗದೆ ಕೂತೇ ಹೇಳಿದ. "ತಪ್ಪ ನಂದೈತಿ ಅಣ್ಣಾ. ನಾ ಆಟಾ ಆಡಾಕ ಹತ್ತಿದ್ನಿ. ದಾರಿ ನೋಡಾಕ ಹತ್ತಿದ್ದವ್ರು ಈ ಸರ ಒಬ್ಬರ. ಅವರು ತಿರುವಿದ್ದಕ್ಕ ಅಜ್ಜಿ ಉಳದಾಳ."

ಮಗ ಆತನ ಕೆನ್ನೆಗೆ ಹೊಡೆದ. ಒಂದು, ಎರಡು, ಮೂರು. ತಡೆಯುವುದನ್ನು ಕಲಿತ ಮನುಷ್ಯ ಒಂದಕ್ಕೂ ಕೈ ಎತ್ತಲಿಲ್ಲ. ಹೊಡೆದು ಮುಗಿದ ಮೇಲೆ ಮಗ ನನ್ನ ಕಡೆ ತಿರುಗಿ ಎರಡೂ ಕೈ ಮುಗಿದ. ನಾನು ಕೈ ಮುಗಿಸಿಕೊಂಡೆ. ನಾನು ತಿರುವಿರಲಿಲ್ಲ, ನೋಡಿರಲೂ ಇಲ್ಲ ಎಂದು ಹೇಳಲು ಒಂದೇ ಉಸಿರು ಸಾಕಿತ್ತು. ಆ ಉಸಿರನ್ನು ನಾನು ಒಳಗೇ ಇಟ್ಟುಕೊಂಡೆ.

ಮುದುಕಿಯ ಹಣೆಗೆ ಅರಿಶಿನ ಒತ್ತಿದರು. ಜನರೆಲ್ಲ ಬೇರೆ ಗಾಡಿ ಹತ್ತಿ ಹೋದರು. ಟ್ರ್ಯಾಕ್ಸಿನ ಮಾಲಕರು ಮಾಡಿದ ಏರ್ಪಾಟಿನಂತೆ ಇನ್ನೊಬ್ಬ ಡ್ರೈವರ್ ಬಂದು ಗಾಡಿ ಒಯ್ಯುವವರೆಗೆ ಆತ ಮುದುಕಿಯ ಕೋಲು ಇಸಿದುಕೊಂಡು ಹುರುಳಿ ಬಡಿಯುತ್ತಿದ್ದನೆಂದು ಸಾವ್ಕಾರರು ಆಮೇಲೆ ಹೇಳಿದರು. ವಿಡಿಯೊ ಗೇಮ್ ಬಳ್ಳಿಯಲ್ಲಿ ಯಾರಿಗಾದರೂ ಸಿಕ್ಕಿತೋ ಇಲ್ಲವೋ ತಿಳಿಯದು, ಆತ ಹುಡುಕಲಿಲ್ಲ. ಆತ ಮತ್ತೆ ಯಾವ ಗಾಡಿಯನ್ನೂ ಓಡಿಸಲಿಲ್ಲ. ಕಾಲೇಜಿನಲ್ಲಿ ಮಾತ್ರ ಸುದ್ದಿ ಹಬ್ಬಿ, ನಮ್ಮ ಸರ್ ಒಂದು ಜೀವ ಉಳಿಸಿದರೆಂದು ಮಕ್ಕಳು ನನ್ನನ್ನು ಬೇರೆ ಕಣ್ಣಿನಿಂದ ನೋಡತೊಡಗಿದರು. ವರ್ಷ ಮುಗಿಯುತ್ತಲೇ ನಾನು ಆ ಕೆಲಸ ಬಿಟ್ಟೆ.

ಬಿಡುವ ಮೊದಲು ಒಮ್ಮೆ ಕಟಕೋಳದಲ್ಲಿ ಇಳಿದೆ. ಆತ ಹಿಟ್ಟಿನ ಗಿರಣಿಯಲ್ಲಿ ಕೆಲಸಕ್ಕಿದ್ದ. ಹುಬ್ಬು, ಮೀಸೆ ಎಲ್ಲ ಜೋಳದ ಹಿಟ್ಟಿನಿಂದ ಬೆಳ್ಳಗಾಗಿ, ಮುಪ್ಪು ಬಂದವನಂತೆ ಕಂಡ. ನನ್ನನ್ನು ನೋಡಿ ಒಂದು ಡಬ್ಬಿ ಬೋರಲು ಹಾಕಿ ಹಿಟ್ಟು ಒರೆಸಿ, "ಕುಂದರ್ರಿ ಸರ," ಎಂದ. ನಾನು ಕೂರಲಿಲ್ಲ. ಕಲಿತುಕೊಂಡು ಬಂದ ಪಾಠದ ಹಾಗೆ ಹೇಳಿದೆ: ಆ ದಿನ ನಾನು ದಾರಿ ನೋಡುತ್ತಿರಲಿಲ್ಲ, ನಿನ್ನ ಆಟ ನೋಡುತ್ತಿದ್ದೆ.

"ಗೊತ್ತೈತ್ರಿ ಸರ," ಎಂದ.

ಗಿರಣಿಯ ಬಾಯಿಗೆ ಕಾಳು ಸುರಿದು, ಪಟ್ಟಿಯ ಸದ್ದು ಏರುವ ಮೊದಲು, ಬಡಾಯಿಯಿಲ್ಲದೆ, ಆಪಾದನೆಯಿಲ್ಲದೆ ಹೇಳಿದ: "ಗೌಡ ಬಿದ್ದ ಕೂಡ್ಲೆ ಪರದಾ ಕರ್ರಗ ಆತ್ರಿ. ಒಂದು ಸುತ್ತ ಮುಗದು ಇನ್ನೊಂದು ಬರೂದ್ರಾಗ ಹಂಗ ಆಗತೈತಿ, ಕಣ್ಣ ಮಿಟಕಿಸೂವಷ್ಟ ಹೊತ್ತು. ಆ ಕರೀ ಗಾಜಿನ್ಯಾಗ ನಿಮ್ಮ ಮಾರಿ ಕಾಣಿಸ್ತು. ಬಾಯಿ ತಕ್ಕೊಂಡು ಕೆಳಗ ನೋಡಾಕ ಹತ್ತಿದ್ರಿ. ಆವಾಗ ತಲ್ಯಾಗ ಬಂತು, ಹಂಗಾರ ದಾರಿ ಯಾರ ನೋಡಾಕ ಹತ್ಯಾರ ಅಂತ."

ಹಾಗಾದರೆ ಅಂದು ಅಜ್ಜಿಯನ್ನು ಉಳಿಸಿದವನು ನಾನೆಂದು ಯಾಕೆ ಹೇಳಿದೆ ಎಂದು ಕೇಳಿದೆ.

"ಹೊಡತ ತಿನ್ನಾಕ ಒಬ್ಬಾಂವ ಸಾಕಾಗಿತ್ತು ಬಿಡ್ರಿ," ಎಂದು ಗಿರಣಿ ಶುರು ಮಾಡಿದ. ಆಮೇಲೆ ಯಾರ ಮಾತೂ ಯಾರಿಗೂ ಕೇಳುವಂತಿರಲಿಲ್ಲ.

ಆತ ಹೋದ ಸುದ್ದಿ ತಿಳಿದಂದಿನಿಂದ ಅದನ್ನೇ ಮತ್ತೆ ಮತ್ತೆ ನೋಡುತ್ತಿದ್ದೇನೆ. ದಾರಿಯನ್ನಲ್ಲ, ಮುದುಕಿಯನ್ನಲ್ಲ, ಆ ಅಂಗೈಯಗಲದ ಗಾಜನ್ನು. ಗೌಡನ ಬಲ ಒಂದು ಕೂದಲೆಳೆಯಷ್ಟು ಉಳಿದಿತ್ತು. ಅವನು ಆ ಒಂದು ಏಟನ್ನು ತಡೆದುಕೊಂಡಿದ್ದರೆ ಪರದೆಯ ಮೇಲೆ ಆಟ ನಡೆದೇ ಇರುತ್ತಿತ್ತು, ನನ್ನ ಮುಖ ಅದರಲ್ಲಿ ಕಾಣುತ್ತಿರಲಿಲ್ಲ, ಆತ ತಲೆ ಎತ್ತುತ್ತಿರಲಿಲ್ಲ.